ಪಾಠಕ್ಕುಂಟು, ಪಗಾರಕ್ಕಿಲ್ಲ

ಸರ್ಕಾರಿ ಕಚೇರಿಗಳಲ್ಲಿ ಕಡತ ಕಳೆದುಹೋಗುವುದು ಹಳೆಯ ಕಲೆ. ಕಡತವನ್ನು ಮೇಜಿನ ಮೇಲೆ ಬಿಚ್ಚಿಟ್ಟುಕೊಂಡೇ ಅದರೊಳಗಿನ ಬಿ.ಇಡಿ. ಪದವಿಯನ್ನು ಮಾತ್ರ ಕಾಣದಂತೆ ಮಾಡುವುದು ಹೊಸ ಕಲೆ. ಈ ವಿದ್ಯೆಯಲ್ಲಿ ನಮ್ಮ ಶಿಕ್ಷಣ ಇಲಾಖೆ ಎಷ್ಟು ಪಳಗಿದೆಯೆಂದು ತಿಳಿಯಬಯಸುವವರು ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆಯ ಯಾವುದಾದರೊಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಬಿಸಿಯೂಟ ಮುಗಿದ ಹೊತ್ತಿಗೆ ಹೋಗಿ, ಏಳನೇ ತರಗತಿಯ ಕಿಟಕಿಯ ಹೊರಗೆ ಸ್ವಲ್ಪ ಹೊತ್ತು ನಿಲ್ಲಬೇಕು.

ಒಳಗೆ ಅಕ್ಕೋರೊಬ್ಬರು ಬೆಳಕಿನ ಪಾಠ ಮಾಡುತ್ತಿರುತ್ತಾರೆ. ಗೋಳೀಯ ದರ್ಪಣ ಶಾಲೆಯಲ್ಲಿ ಇಲ್ಲವಾದ್ದರಿಂದ ಅಡುಗೆ ಕೋಣೆಯಿಂದ ತೊಳೆದ ಸ್ಟೀಲಿನ ಸೌಟೊಂದನ್ನು ತರಿಸಿ, ಅದರ ಒಳಮೈಯಲ್ಲಿ ಮುಖ ತಲೆಕೆಳಗಾಗಿಯೂ ಹೊರಮೈಯಲ್ಲಿ ನೆಟ್ಟಗೂ ಕಾಣುವುದೇಕೆಂದು ವಿವರಿಸುತ್ತಿರುತ್ತಾರೆ. ಮಕ್ಕಳು ಸೌಟನ್ನು ಕೈಯಿಂದ ಕೈಗೆ ದಾಟಿಸಿ, ಒಬ್ಬರ ಮುಖ ಒಬ್ಬರಿಗೆ ತೋರಿಸಿ ನಕ್ಕು, ನಿಮ್ನ ದರ್ಪಣ, ಪೀನ ದರ್ಪಣ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಪಾಠ ಸೊಗಸಾಗಿದೆ. ಆದರೆ ಸರ್ಕಾರದ ಲೆಕ್ಕದಲ್ಲಿ ಈ ಪಾಠ ನಡೆದೇ ಇಲ್ಲ, ಏಕೆಂದರೆ ಅದನ್ನು ಮಾಡಿದವರು ಒಂದರಿಂದ ಐದನೇ ತರಗತಿಯ ಶಿಕ್ಷಕಿ. ನಡೆದೇ ಇಲ್ಲ ಎನ್ನುವುದೂ ಪೂರ್ತಿ ಸರಿಯಲ್ಲ. ಮಕ್ಕಳ ಕಲಿಕೆ ಕುಸಿದಿದೆಯೆಂದು ಕಾರಣ ಕೇಳಿ ನೋಟಿಸು ಬರುವಾಗ ಅದು ಅವರ ಹೆಸರಿಗೇ ಬರುತ್ತದೆ.

ಇಂಥ ಅಕ್ಕೋರ ಸೇವಾ ಪುಸ್ತಕ (ಎಸ್‌ಆರ್) ತೆರೆದರೆ ಸಾಮಾನ್ಯವಾಗಿ ಕಾಣುವುದು ಹೀಗೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಬಿ.ಎಸ್ಸಿ. ಕೈಯಲ್ಲಿದ್ದಾಗಲೇ 2004ರ ಸುಮಾರಿಗೆ ಟಿಸಿಎಚ್ ಎಂಬ ಪ್ರಾಥಮಿಕ ಶಿಕ್ಷಕರ ತರಬೇತಿಯ ಆಧಾರದ ಮೇಲೆ ಒಂದರಿಂದ ಏಳನೇ ತರಗತಿಗೆಂದು ನೇಮಕ. ಬಳಿಕ ಇಲಾಖೆಗೆ ಅರ್ಜಿ ಕೊಟ್ಟು, ವ್ಯಾಸಂಗಕ್ಕೆ ಪೂರ್ವಾನುಮತಿ ಪಡೆದು, ರಜೆಗಳನ್ನೆಲ್ಲ ಸಂಪರ್ಕ ತರಗತಿಗಳಿಗೆ ಧಾರೆಯೆರೆದು ಮುಗಿಸಿದ ಬಿ.ಇಡಿ. ಪ್ರೌಢಶಾಲೆಯಲ್ಲಿ ಕಲಿಸಲು ಬೇಕಾದ ತರಬೇತಿಯನ್ನು ಪ್ರಾಥಮಿಕ ಶಾಲೆಯ ಶಿಕ್ಷಕಿ ಪಡೆದುಕೊಂಡರೆ ಇಲಾಖೆಗೆ ಸಂತೋಷವೇ. ಅನುಮತಿ ಪತ್ರದಲ್ಲಿ ಆ ಸಂತೋಷಕ್ಕೆ ಯಾವುದೇ ಆರ್ಥಿಕ ಹೊರೆ ಇರತಕ್ಕದ್ದಲ್ಲವೆಂಬ ಸಾಲೊಂದು ಇದ್ದರೆ ಆಯಿತು. ಪ್ರಮಾಣಪತ್ರ ತೆಗೆದುಕೊಂಡು ಕಚೇರಿಗೆ ಹೋದವರಿಗೆ ಗುಮಾಸ್ತರು ಹೇಳುವ ಮಾತೂ ಒಂದೇ: ‘ನಿಮ್ಮ ಬಿ.ಇಡಿ. ಎಸ್‌ಆರ್‌ದಾಗ ಎಂಟ್ರಿ ಆಗೇತ್ರಿ ಅಕ್ಕೋರ. ಆದ್ರ ಅದು ಎಂಟ್ರಿ ಅಷ್ಟ ನೋಡ್ರಿ.’

ಇಷ್ಟಕ್ಕೇ ನಿಂತಿದ್ದರೆ ಇದನ್ನು ಕೇವಲ ಜಿಪುಣತನ ಎನ್ನಬಹುದಿತ್ತು. 2017ರ ವೃಂದ (ಕೇಡರ್) ಮತ್ತು ನೇಮಕಾತಿ ನಿಯಮಗಳು ಅದನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಆರರಿಂದ ಎಂಟನೇ ತರಗತಿಗೆ ವಿಜ್ಞಾನ ಮತ್ತು ಗಣಿತಕ್ಕೊಬ್ಬರು, ಸಮಾಜ ವಿಜ್ಞಾನಕ್ಕೊಬ್ಬರು, ಭಾಷೆಗೊಬ್ಬರು ಶಿಕ್ಷಕರು ಇರಬೇಕು; ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ ನಿಯಮದಂತೆ ಪದವಿಯೊಂದಿಗೆ ಡಿ.ಇಡಿ. ಅಥವಾ ಬಿ.ಇಡಿ. ಆದವರು ಈ ತರಗತಿಗಳಿಗೆ ಅರ್ಹರು. ಅದಕ್ಕೆಂದೇ ಪದವೀಧರ ಪ್ರಾಥಮಿಕ ಶಿಕ್ಷಕರೆಂಬ, ಎಲ್ಲರ ಬಾಯಲ್ಲಿ ಜಿಪಿಟಿ ಎಂದಾದ, ಹೊಸ ವೃಂದ ಹುಟ್ಟಿತು. ಹೊಸ ವೃಂದಕ್ಕೆ ಪದವೀಧರರು ಬೇಕಲ್ಲ, ಶಾಲೆಯಲ್ಲಿ ಆಗಲೇ ಇರುವ ಪದವೀಧರರನ್ನು ಎಣಿಸೋಣ ಎಂಬ ಹಳ್ಳಿಯ ಬುದ್ಧಿ ಇಲಾಖೆಗೆ ಹೊಳೆಯಲಿಲ್ಲ, ಅಥವಾ ಹೊಳೆದು ಗಾಬರಿಯಾಯಿತು. ಒಂದರಿಂದ ಏಳಕ್ಕೆಂದು ನೇಮಕಗೊಂಡಿದ್ದವರನ್ನು ಒಂದರಿಂದ ಐದರ ವೃಂದಕ್ಕೆ ಇಳಿಸಲಾಯಿತು. ಆರು, ಏಳರ ಪಾಠವನ್ನು ಮೊದಲಿನಂತೆಯೇ ಅವರಿಂದ ಮುಂದುವರಿಸಲಾಯಿತು. ಪದವೀಧರರಿಲ್ಲವೆಂದು ಹೊರಗಿನಿಂದ ಪದವೀಧರರನ್ನು ಕರೆಯಲಾಯಿತು. 2022ರಲ್ಲಿ ಹೊರಟ ಅಧಿಸೂಚನೆಯಲ್ಲಿದ್ದುದು 15,000 ಹುದ್ದೆ.

ಹಾಗೆ ಬಂದವರಲ್ಲಿ ಒಬ್ಬ ತರುಣ, 2004ರಲ್ಲಿ ಇದೇ ಅಕ್ಕೋರ ಬಳಿ ಏಳನೇ ತರಗತಿ ಓದಿದವನು, ಅದೇ ಶಾಲೆಗೆ ಹಾಜರಾಗುವುದು ಅಸಂಭವವೇನಲ್ಲ; ಬೆರಳು ಮಡಚಿ ಎಣಿಸಿದರೆ ವಯಸ್ಸು ಸರಿಹೊಂದುತ್ತದೆ. ಆತ ಅಕ್ಕೋರ ಕಾಲಿಗೆ ನಮಸ್ಕರಿಸಿ, ‘ಸೌಟಿನ ಪ್ರಯೋಗ ಇನ್ನೂ ಮಾಡ್ತೀರೇನ್ರಿ ಅಕ್ಕೋರ?’ ಎಂದು ಕೇಳಿ, ಪಕ್ಕದ ಕುರ್ಚಿಯಲ್ಲಿ ಪದವೀಧರನಾಗಿ ಕೂರುತ್ತಾನೆ. ಅವನಿಗೆ ಅಷ್ಟು ವಿಜ್ಞಾನ ಕಲಿಸಿದವರು ಎದುರಿನ ಕುರ್ಚಿಯಲ್ಲಿ ಅಪದವೀಧರರಾಗಿ ಕೂತಿರುತ್ತಾರೆ. ಹತ್ತೊಂಬತ್ತು ವರ್ಷದ ವಾರ್ಷಿಕ ವೇತನ ಬಡ್ತಿಗಳು ಸೇರಿ ತಿಂಗಳ ಕೊನೆಗೆ ಕೈಗೆ ಬರುವ ಮೊತ್ತ ಅಕ್ಕೋರದೇ ಹೆಚ್ಚಿರುತ್ತದೆ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ; ಇಲ್ಲಿರುವ ತಕರಾರು ಶ್ರೇಣಿಯದು, ಗುರುತಿನದು, ಮುಂದಿನ ಬಡ್ತಿಗೆ ಯಾರು ಯಾವ ಸಾಲಿನಲ್ಲಿ ನಿಲ್ಲಬೇಕೆಂಬುದು.

ಶ್ರೇಣಿಯ ಮಾತು ಬಂದುದರಿಂದ ಅಂಕಿಗಳನ್ನೂ ನೋಡಿಬಿಡೋಣ. ಆರನೇ ವೇತನ ಆಯೋಗದ ಶ್ರೇಣಿಯಲ್ಲಿ ಒಂದರಿಂದ ಐದರ ಶಿಕ್ಷಕರ ಮೂಲ ವೇತನ ಆರಂಭವಾಗುತ್ತಿದ್ದುದು 25,800 ರೂಪಾಯಿಗೆ, ಪದವೀಧರ ಪ್ರಾಥಮಿಕ ಶಿಕ್ಷಕರದು 27,650ಕ್ಕೆ, ಪ್ರೌಢಶಾಲೆಯ ಸಹಶಿಕ್ಷಕರದು 33,450ಕ್ಕೆ. ಏಳನೇ ಆಯೋಗವು 2024ರ ಆಗಸ್ಟ್‌ನಿಂದ ಅಂಕಿಗಳನ್ನು ಮೇಲೇರಿಸಿತೇ ಹೊರತು ಮೆಟ್ಟಿಲುಗಳ ಕ್ರಮವನ್ನು ಮುಟ್ಟಲಿಲ್ಲ. ಈ ಮೆಟ್ಟಿಲುಗಳಿಗೆ ಆಧಾರವೇನೆಂದು ನಾನು ಬಹಳ ಯೋಚಿಸಿದೆ. ವಿದ್ಯಾರ್ಹತೆ ಆಗಿರಲಾರದು, ಏಕೆಂದರೆ ಅಕ್ಕೋರ ಅರ್ಹತೆ ಮೂರನೆಯ ಮೆಟ್ಟಿಲಿಗೂ ಸಾಕು. ಮಾಡುವ ಕೆಲಸವೂ ಅಲ್ಲ, ಏಕೆಂದರೆ ಅವರು ಎರಡನೆಯ ಮೆಟ್ಟಿಲಿನ ಕೆಲಸವನ್ನು ಮೊದಲನೆಯ ಮೆಟ್ಟಿಲಿನ ಮೇಲೆ ನಿಂತು ಮಾಡುತ್ತಿದ್ದಾರೆ. ಉಳಿಯುವುದು ಮಗುವಿನ ಎತ್ತರವೊಂದೇ. ಮಗು ಬೆಳೆದಂತೆ ಶಿಕ್ಷಕರ ಸಂಬಳ ಬೆಳೆಯುತ್ತದೆ. ಆರು ವರ್ಷದ ಮಗುವಿನ ಕೈ ಹಿಡಿದು ಅ, ಆ ತಿದ್ದಿಸುವುದು ಜಗತ್ತಿನ ಅತಿ ಕಷ್ಟದ ಕೆಲಸಗಳಲ್ಲೊಂದೆಂದು ಮಾಡಿ ನೋಡಿದವರೆಲ್ಲ ಹೇಳುತ್ತಾರೆ, ಆದರೆ ಆ ಮಗು ಅಳತೆಪಟ್ಟಿಯಲ್ಲಿ ಬಹಳ ಗಿಡ್ಡ. ಹಾಗಿದ್ದರೆ ಎತ್ತರವನ್ನಾದರೂ ಪ್ರಾಮಾಣಿಕವಾಗಿ ಅಳೆಯಲಿ. ಸೌಟು ಹಿಡಿದು ನಗುತ್ತಿದ್ದ ಏಳನೇ ತರಗತಿಯ ಹುಡುಗರು ಅಕ್ಕೋರ ಭುಜಕ್ಕೆ ಬಂದಿದ್ದಾರೆ, ಮೂಲ ವೇತನದ ವ್ಯತ್ಯಾಸವಾದ 1,850 ರೂಪಾಯಿಗೆ ಅಷ್ಟು ಎತ್ತರ ಸಾಲದೇ?

ನಮ್ಮ ಜಿಲ್ಲೆಯ ಕಬ್ಬಿನ ಬೆಳೆಗಾರರಿಗೆ ಈ ನೀತಿ ಬೇಗ ಅರ್ಥವಾದೀತು. ಕಬ್ಬಿನ ದರ ಸಕ್ಕರೆ ಇಳುವರಿಯ ಮೇಲೆ ನಿಂತಿದೆ; ಕೇಂದ್ರದ ಲೆಕ್ಕ ಶೇಕಡಾ 10.25ರ ಇಳುವರಿಯಿಂದ ಶುರುವಾಗುತ್ತದೆ. ಶಿಕ್ಷಣ ಇಲಾಖೆಯ ಕೈಗೆ ಕಾರ್ಖಾನೆಯ ತಕ್ಕಡಿ ಕೊಟ್ಟರೆ ಅದು ಹೀಗೆ ಹೇಳುತ್ತದೆ: ‘ತಾವು ತಂದಿರುವುದು ಉತ್ತಮ ಇಳುವರಿಯ ಕಬ್ಬು, ಅದನ್ನು ನಾವು ಅರೆದು ಸಕ್ಕರೆಯನ್ನೂ ಮಾಡಿದ್ದೇವೆ, ಆದರೆ ದಾಖಲೆಯಲ್ಲಿ ತಾವು ಜೋಳದ ರೈತರೆಂದು ನೋಂದಣಿಯಾಗಿರುವುದರಿಂದ ಜೋಳದ ದರ ಪಾವತಿಸಲಾಗಿದೆ.’ 2025ರ ನವೆಂಬರ್‌ನಲ್ಲಿ ದರಕ್ಕಾಗಿ ಗುರ್ಲಾಪುರ ಕ್ರಾಸ್‌ನಲ್ಲಿ ಕೂತು ಸರ್ಕಾರದ ನಿದ್ದೆ ಕೆಡಿಸಿದ ರೈತರ ಮುಂದೆ ಈ ಮಾತನ್ನು ಯಾರೂ ಆಡಲಾರರು. ಅಕ್ಕೋರ ಮುಂದೆ ಆಡಬಹುದು, ಏಕೆಂದರೆ ಅವರಿಗೆ ಮೂರನೇ ಪಿರಿಯಡ್ಡಿಗೆ ಹೋಗಬೇಕಾಗಿದೆ.

ಬಿ.ಇಡಿ. ಪದವಿಯ ಗ್ರಹಚಾರ ದೆಹಲಿಯಲ್ಲೂ ಕೆಟ್ಟಿದೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2018ರ ಜೂನ್ 28ರಂದು ಅಧಿಸೂಚನೆ ಹೊರಡಿಸಿ, ಬಿ.ಇಡಿ. ಆದವರೂ ಒಂದರಿಂದ ಐದನೇ ತರಗತಿಗೆ ಕಲಿಸಬಹುದು, ನೇಮಕವಾದ ಎರಡು ವರ್ಷದೊಳಗೆ ಆರು ತಿಂಗಳ ಸೇತು ಕೋರ್ಸ್ ಮುಗಿಸಿದರೆ ಸಾಕು ಎಂದಿತು. ಸೇತುವೆ ದಾಟಲು ಎರಡು ವರ್ಷದ ಗಡುವು ಕೊಟ್ಟವರು ಸೇತುವೆ ಕಟ್ಟುವುದನ್ನು ಮರೆತರು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್, ಚಿಕ್ಕ ಮಕ್ಕಳಿಗೆ ಕಲಿಸುವ ಕೌಶಲ ಬೇರೆ, ಬಿ.ಇಡಿ. ಅದಕ್ಕೆ ಸಲ್ಲದು ಎಂದು ತೀರ್ಪು ಕೊಟ್ಟಿತು. ತೀರ್ಪು ಸರಿಯಾಗಿದೆ, ಡಿ.ಇಡಿ. ಓದಿದವರ ಕಸುಬಿಗೆ ಸಿಕ್ಕ ಮರ್ಯಾದೆ ಅದು. ಮುಂಚೆಯೇ ನೇಮಕಗೊಂಡವರನ್ನು ಉಳಿಸಿ, ಒಂದು ವರ್ಷದೊಳಗೆ ಕೋರ್ಸ್ ರೂಪಿಸಿರೆಂದು 2024ರ ಏಪ್ರಿಲ್‌ನಲ್ಲಿ ನ್ಯಾಯಾಲಯವೇ ಹೇಳಬೇಕಾಯಿತು. ಒಟ್ಟಿನಲ್ಲಿ ಇಂದಿನ ಸ್ಥಿತಿ ಹೀಗಿದೆ: ಒಂದರಿಂದ ಐದಕ್ಕೆ ಬಿ.ಇಡಿ. ಸಾಲದು, ಆದ್ದರಿಂದ ಅದು ಅನರ್ಹತೆ. ಆರರಿಂದ ಎಂಟಕ್ಕೆ ಬಿ.ಇಡಿ. ಸಾಕು, ಆದರೆ ಅಕ್ಕೋರು ಒಂದರಿಂದ ಐದರವರು, ಆದ್ದರಿಂದ ಅವರ ಮಟ್ಟಿಗೆ ಅದು ಅಪ್ರಸ್ತುತ. ಅವರ ಬಳಿ ಡಿ.ಇಡಿ.ಗೆ ಸಮನಾದ ಟಿಸಿಎಚ್ ಕೂಡ ಇದೆ ಎಂಬುದು ಇಡೀ ವಾದಕ್ಕೆ ತೊಡಕಾಗುವುದರಿಂದ ಅದನ್ನು ಯಾರೂ ಎತ್ತುವುದಿಲ್ಲ.

2025ರ ಸೆಪ್ಟೆಂಬರ್ 1ರಂದು ಇನ್ನೊಂದು ತೀರ್ಪು ಬಂತು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಶಿಕ್ಷಕರು ಎರಡು ವರ್ಷದೊಳಗೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಪಾಸಾಗಬೇಕು, ಇಲ್ಲವಾದರೆ ಮನೆಗೆ. ನಾಲ್ಕು ದಿನ ಬಿಟ್ಟು ಶಿಕ್ಷಕರ ದಿನಾಚರಣೆ ಬಂದದ್ದರಿಂದ ಅವರಿಗೆ ಶಾಲು ಹೊದಿಸಿ ಸಮಾಧಾನಪಡಿಸಲು ಅನುಕೂಲವಾಯಿತು. ಟಿಇಟಿಯಲ್ಲಿ ಎರಡು ಪತ್ರಿಕೆಗಳಿವೆ: ಮೊದಲನೆಯದು ಒಂದರಿಂದ ಐದಕ್ಕೆ, ಎರಡನೆಯದು ಆರರಿಂದ ಎಂಟಕ್ಕೆ. ಅಕ್ಕೋರು ಯಾವುದಕ್ಕೆ ಕೂರಬೇಕು? ವೃಂದ ಹೇಳುವುದು ಮೊದಲನೆಯದನ್ನು, ವೇಳಾಪಟ್ಟಿ ಹೇಳುವುದು ಎರಡನೆಯದನ್ನು. ಎರಡನ್ನೂ ಬರೆದು ಎರಡರಲ್ಲೂ ಪಾಸಾದರೆ ಅದನ್ನು ಏನು ಮಾಡಬೇಕೆಂಬುದು ಗುಮಾಸ್ತರಿಗೆ ಗೊತ್ತು. ಎಸ್‌ಆರ್‌ನಲ್ಲಿ ಎಂಟ್ರಿ ಮಾಡುತ್ತಾರೆ.

ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ವಿಷಯದಲ್ಲಿ ಇಲಾಖೆಗೆ ಇಷ್ಟು ತಲೆನೋವಿಲ್ಲ. ಅವರಲ್ಲಿ ಎಷ್ಟೋ ಮಂದಿ ಬಿ.ಇಡಿ. ಮುಗಿಸಿದವರೇ, ತಿಂಗಳಿಗೆ 10,000 ರೂಪಾಯಿ ಇದ್ದ ಗೌರವಧನಕ್ಕೆ 2025-26ರ ಬಜೆಟ್‌ನಲ್ಲಿ 2,000 ಸೇರಿಸಿ, ಗೌರವ ಹೆಚ್ಚಿತೆಂದು ಘೋಷಿಸಲಾಯಿತು. ಶ್ರೇಣಿಯೇ ಇಲ್ಲದವರಿಗೆ ಶ್ರೇಣಿಯ ತಕರಾರೆಲ್ಲಿಂದ?

ಹೀಗೆಂದು ವಿದ್ಯಾರ್ಹತೆಯನ್ನು ಸರ್ಕಾರ ಎಲ್ಲ ಕೆಲಸದಲ್ಲೂ ಇಷ್ಟು ಕಟ್ಟುನಿಟ್ಟಾಗಿ ನೋಡುತ್ತದೆಂದು ತಿಳಿಯಬಾರದು. 2025ರ ದಸರಾ ರಜೆಯಲ್ಲಿ ಮೊಬೈಲ್ ಹಿಡಿದು ಮನೆಮನೆಗೆ ಹೋಗಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಮಾಡಿರೆಂದಾಗ ನೀವು ಯಾವ ವೃಂದದವರೆಂದು ಯಾರೂ ಕೇಳಲಿಲ್ಲ. ಮತಗಟ್ಟೆ ಅಧಿಕಾರಿಯಾಗಲು, ಬಿಸಿಯೂಟದ ಮೊಟ್ಟೆ ಎಣಿಸಲು, ಎಸ್‌ಎಟಿಎಸ್ ಎಂಬ ವಿದ್ಯಾರ್ಥಿ ದಾಖಲೆಯ ಜಾಲತಾಣಕ್ಕೆ ಮಾಹಿತಿ ತುಂಬಲು ಯಾವ ಪದವಿಯಾದರೂ ನಡೆಯುತ್ತದೆ, ಪದವಿ ಇಲ್ಲದಿದ್ದರೂ ನಡೆಯುತ್ತದೆ.

ಶಿಕ್ಷಕರು ಸುಮ್ಮನಿಲ್ಲ. 2016ಕ್ಕೆ ಮೊದಲು ನೇಮಕಗೊಂಡವರಿಗೆ ಹೊಸ ನಿಯಮವನ್ನು ಪೂರ್ವಾನ್ವಯ ಮಾಡಬೇಡಿ ಎಂದು 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಸೇರಿದ್ದರು. ಡಿಸೆಂಬರ್‌ನಲ್ಲಿ ಅಧಿವೇಶನವೇ ಬೆಳಗಾವಿಗೆ ಬರುವುದರಿಂದ ನಮ್ಮವರಿಗೆ ಬೆಂಗಳೂರಿನ ಬಸ್ ಚಾರ್ಜು ಉಳಿಯುತ್ತದೆ. ಸುವರ್ಣ ವಿಧಾನಸೌಧ 2012ರಲ್ಲಿ ಉದ್ಘಾಟನೆಯಾದಾಗಿನಿಂದ ಅದರ ಎದುರಿನ ಬಯಲು, ಕೊಂಡಸಕೊಪ್ಪದ ಗುಡ್ಡ, ಎಲ್ಲೆಡೆ ಪೆಂಡಾಲುಗಳ ಬೆಳೆ ತಪ್ಪದೆ ಬರುತ್ತಿದೆ. ಮಂತ್ರಿಗಳು ಕಾರಿನಿಂದಿಳಿದು ಬಂದು ಮನವಿ ಸ್ವೀಕರಿಸುತ್ತಾರೆ. ತಾವೂ ಸರ್ಕಾರಿ ಶಾಲೆಯಲ್ಲೇ ಓದಿದವರೆಂದು ಗದ್ಗದಿತರಾಗುತ್ತಾರೆ. ಪರಿಶೀಲಿಸಲಾಗುವುದು ಎಂದು ಹೇಳಿ ಕಾರು ಹತ್ತುತ್ತಾರೆ. ಸಂಜೆಯ ಚಳಿಗೆ ಪೆಂಡಾಲು ಬಿಚ್ಚಿ ಎಲ್ಲರೂ ಸವದತ್ತಿ, ಚಿಕ್ಕೋಡಿ, ಅಥಣಿಯ ಬಸ್ಸು ಹಿಡಿಯುತ್ತಾರೆ, ಮರುದಿನ ಮೊದಲ ಪಿರಿಯಡ್ಡಿಗೆ ಮುಟ್ಟಬೇಕಲ್ಲ.

ಪರಿಶೀಲನೆ ಇಷ್ಟು ವರ್ಷ ಹಿಡಿಯುತ್ತಿರುವುದು ಕರಡು ಬರೆಯುವ ಸಿಬ್ಬಂದಿಯ ಕೊರತೆಯಿಂದ ಇರಬಹುದೆಂದು ಅನುಮಾನಿಸಿ, ಇಲಾಖೆಗೆ ನೆರವಾಗಲೆಂದು ಸುತ್ತೋಲೆಯೊಂದನ್ನು ನಾನೇ ಸಿದ್ಧಪಡಿಸಿದ್ದೇನೆ. ಸಹಿ ಹಾಕುವುದಷ್ಟೇ ಬಾಕಿ.

‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಒಂದರಿಂದ ಐದನೇ ತರಗತಿ ವೃಂದದ ಶಿಕ್ಷಕರು ಆರನೇ ತರಗತಿ ಹಾಗೂ ಮೇಲಿನ ತರಗತಿಗಳ ಕೊಠಡಿಯನ್ನು ಪ್ರವೇಶಿಸುವಾಗ ತಮ್ಮ ಪದವಿಯನ್ನು ಧರಿಸಿಕೊಳ್ಳತಕ್ಕದ್ದು, ಪಾಠ ಮುಗಿದ ಕೂಡಲೇ ಸದರಿ ಪದವಿಯನ್ನು ಮುಖ್ಯೋಪಾಧ್ಯಾಯರ ವಶಕ್ಕೆ ಒಪ್ಪಿಸಿ ವಹಿಯಲ್ಲಿ ಸಹಿ ಮಾಡತಕ್ಕದ್ದು. ಪ್ರತಿ ತಿಂಗಳ ವೇತನ ಬಿಲ್ಲು ತಯಾರಾಗುವ ದಿನ ಯಾವುದೇ ಶಿಕ್ಷಕರು ಪದವಿಯೊಂದಿಗೆ ಕಚೇರಿಯ ಆವರಣದಲ್ಲಿ ಕಂಡುಬಂದಲ್ಲಿ ನಿಯಮಾನುಸಾರ ಕ್ರಮ ಜರುಗಿಸಲಾಗುವುದು. ಪಾಠದ ನಡುವೆ ಮಕ್ಕಳು ಕೇಳುವ ಪ್ರಶ್ನೆಗೆ ಉತ್ತರಿಸಲು ಬಿ.ಎಸ್ಸಿ. ಮಟ್ಟದ ತಿಳಿವಳಿಕೆ ಅಗತ್ಯವೆನಿಸಿದಲ್ಲಿ ಶಿಕ್ಷಕರು ತಮ್ಮ ವೈಯಕ್ತಿಕ ಹೊಣೆಗಾರಿಕೆಯ ಮೇಲೆ ಉತ್ತರಿಸಬಹುದು; ಇದನ್ನು ಮುಂದೆ ಪೂರ್ವನಿದರ್ಶನವಾಗಿ ಪರಿಗಣಿಸತಕ್ಕದ್ದಲ್ಲ. ಈ ಸುತ್ತೋಲೆಯನ್ನು ಓದಿ ಅರ್ಥಮಾಡಿಕೊಳ್ಳಲು ಪದವಿ ಬೇಕಾಗುವುದಾದರೆ, ಅದಕ್ಕೂ ಯಾವುದೇ ಆರ್ಥಿಕ ಸೌಲಭ್ಯ ಇರುವುದಿಲ್ಲ.’