ಅವ್ವನ ದಮ್ಮು, ಮಗಳ ಅಸ್ತಮಾ

ನಮ್ಮ ಮನೆಯಲ್ಲಿ ಇಬ್ಬರಿಗೆ ಅಸ್ತಮಾ. ಒಬ್ಬಳು ನನ್ನ ಒಂಬತ್ತು ವರ್ಷದ ಮಗಳು, ಇಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಇನ್ನೊಬ್ಬಳು ನಮ್ಮವ್ವ, ಮಂಡ್ಯ ಜಿಲ್ಲೆಯ ಪಾಂಡವಪುರದ ಹತ್ತಿರದ ಊರಿನಲ್ಲಿ. ಅವ್ವ ಅದನ್ನು ದಮ್ಮು ಅನ್ನುತ್ತಾಳೆ. ನಮ್ಮಜ್ಜಿ ಗೂರಲು ಅನ್ನುತ್ತಿದ್ದಳು. ಕಾಯಿಲೆ ಒಂದೇ. ಅದರ ಬಗ್ಗೆ ಇಬ್ಬರಿಗೂ ತಿಳಿದ ದಾರಿ ಮಾತ್ರ ಪೂರ್ತಿ ಬೇರೆ.

ಮಗಳಿಗೆ ಅಸ್ತಮಾ ಅಂತ ಗೊತ್ತಾದ ವಾರವೇ ಇಲ್ಲಿನ ಕ್ಲಿನಿಕ್ಕಿನ ನರ್ಸ್ ಅವಳನ್ನು ಅರ್ಧ ಗಂಟೆ ಕೂರಿಸಿಕೊಂಡರು. ಸ್ಪೇಸರ್ ಅನ್ನುವ ಪ್ಲಾಸ್ಟಿಕ್ ಕೊಳವೆಗೆ ಪಂಪ್, ಅಂದರೆ ಇನ್‌ಹೇಲರ್, ಸಿಕ್ಕಿಸಿ ಮೊದಲು ತಾವು ತೋರಿಸಿದರು. ಆಮೇಲೆ ಅವಳ ಕೈಯಲ್ಲೇ ಮಾಡಿಸಿದರು. ಹೊರಡುವಾಗ ಒಂದು ಹಾಳೆ ಕೊಟ್ಟರು. ದಿನಾ ಏನು ಮಾಡಬೇಕು, ಜಾಸ್ತಿಯಾದರೆ ಏನು, ಉಸಿರೇ ಕಟ್ಟಿದರೆ ಏನು. ಮೂರೇ ಭಾಗ. ಅದು ನಮ್ಮ ಫ್ರಿಜ್ ಮೇಲೆ ಅಂಟಿಕೊಂಡಿದೆ, ಇನ್ನೊಂದು ಪ್ರತಿ ಶಾಲೆಯಲ್ಲಿದೆ. 2014ರ ಅಕ್ಟೋಬರ್‌ನಿಂದ ಇಂಗ್ಲೆಂಡಿನ ಶಾಲೆಗಳು ತುರ್ತಿಗೆ ಅಂತ ತಮ್ಮದೇ ಒಂದು ಸಾಲ್ಬುಟಮಾಲ್ ಪಂಪ್, ಉಸಿರು ಕಟ್ಟಿದಾಗ ಎಳೆಯುವಂಥದ್ದು, ಇಟ್ಟುಕೊಳ್ಳಬಹುದು. ಮನೆಯಲ್ಲಿ ಏನಾದರೂ ಅನುಮಾನ ಬಂದರೆ ಅಸ್ತಮಾ ಪ್ಲಸ್ ಲಂಗ್ ಯುಕೆ ಅನ್ನುವ ಸಂಸ್ಥೆಗೆ ಫೋನ್ ಮಾಡಿ ನರ್ಸ್ ಹತ್ತಿರ ಕೇಳಬಹುದು.

ಅವ್ವನಿಗೆ ಇಪ್ಪತ್ತು ವರ್ಷದಿಂದ ದಮ್ಮು. ಅವಳಿಗೆ ಹೇಳಿದವರು ಯಾರು? ಮೊದಲು ಪಕ್ಕದ ಮನೆ ದೊಡ್ಡಮ್ಮ. “ಆ ಪಂಪು ಒಂದ್ಸಲ ಹಿಡುದ್ರೆ ಸಾಯಗಂಟ ಬುಡಕಾಗಕಿಲ್ಲ ಕಣವ್ವ” ಅಂದರು. ಬಸ್ಸಿನಲ್ಲಿ ಸಿಕ್ಕಿದವರು ಬಾಳೆಹಣ್ಣು, ಮೊಸರು, ಸೀಬೆಹಣ್ಣು ಎಲ್ಲ ಬಿಡಿಸಿದರು. ಯಾರೋ ಹೈದರಾಬಾದಿನ ಮೀನಿನ ಮದ್ದಿನ ವಿಷಯ ಹೇಳಿದರು. ಮೃಗಶಿರಾ ಮಳೆ ಹುಟ್ಟುವ ಹೊತ್ತಿಗೆ, ಬಾಯಲ್ಲಿ ಮದ್ದು ಇಟ್ಟ ಜೀವಂತ ಮರಿಮೀನನ್ನು ಅಲ್ಲಿ ನುಂಗಿಸುತ್ತಾರೆ. ಮೀನು ತಿನ್ನದವರಿಗೆ ಬೆಲ್ಲದಲ್ಲಿ ಕೊಡುತ್ತಾರೆ. ಅಪ್ಪ ರೈಲು ಹತ್ತಿಸಿಕೊಂಡು ಎರಡು ವರ್ಷ ಕರೆದುಕೊಂಡು ಹೋದರು. ನಾನು ಅವರನ್ನು ತಪ್ಪು ಅನ್ನಲಾರೆ. ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತು ಗೊರಗೊರ ಅನ್ನುವ ಹೆಂಡತಿಯನ್ನು ನೋಡಿದವರು ಎಲ್ಲಿಗಾದರೂ ಹೋಗುತ್ತಾರೆ. ಆದರೆ ಆ ಮದ್ದಿನಿಂದ ಅಸ್ತಮಾ ವಾಸಿಯಾಗುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಅದನ್ನು ನಂಬಿ ಅವ್ವ ಪಂಪ್ ಬಿಟ್ಟಿದ್ದಳು. ಅದೇ ನನಗೆ ಇವತ್ತಿಗೂ ಹೊಟ್ಟೆ ಉರಿಸುವ ವಿಷಯ.

ಎದೆ ಡಾಕ್ಟರ ಹತ್ತಿರ ಹೋಗೋಣ ಅಂದರೆ ಅವಳಿಗೆ ಇನ್ನೊಂದು ಭಯ. ನಮ್ಮ ಕಡೆ ಎದೆ ಆಸ್ಪತ್ರೆ ಅಂದರೆ ಹಳಬರಿಗೆ ನೆನಪಾಗುವುದು ಮೈಸೂರಿನ ಪಿಕೆಟಿಬಿ ಸ್ಯಾನಟೋರಿಯಂ. ಕ್ಷಯದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯದ ಆಸ್ಪತ್ರೆ ಅದು. ಅಸ್ತಮಾ ಅಂಟುವ ಕಾಯಿಲೆ ಅಲ್ಲ. ಆದರೂ ಊರವರು ಕ್ಷಯ ಅಂದುಕೊಂಡಾರು ಅಂತ ಅವ್ವ ಮದುವೆ ಮನೆಯಲ್ಲಿ ಪಂಪನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳುತ್ತಿದ್ದಳು.

ಕೊನೆಗೂ ಡಾಕ್ಟರು ಕ್ಯಾಪ್ಸೂಲ್ ಹಾಕಿ ಎಳೆಯುವ ಪಂಪ್ ಬರೆದುಕೊಟ್ಟರು. ಡಬ್ಬಿಯೊಳಗಿನ ಚೀಟಿ ಇಂಗ್ಲಿಷಿನಲ್ಲಿತ್ತು. ನಾಲ್ಕು ವರ್ಷವಾದ ಮೇಲೆ, ನಾನು ರಜೆಗೆ ಹೋದಾಗ, ಅವ್ವ ಎಳೆದುಕೊಳ್ಳುವುದನ್ನು ನೋಡಿದೆ. ಅದರೊಳಕ್ಕೇ ಉಫ್ ಅಂತ ಊದಿ ಆಮೇಲೆ ಮೆಲ್ಲಗೆ ಎಳೆಯುತ್ತಿದ್ದಳು. ಊದಿದರೆ ಕ್ಯಾಪ್ಸೂಲಿನೊಳಗಿನ ಮದ್ದಿನ ಪುಡಿಗೆ ತೇವ ಹಿಡಿಯುತ್ತದೆ. ಮೆಲ್ಲಗೆ ಎಳೆದರೆ ಆ ಪುಡಿ ಎದೆಯ ಒಳಗೆ ಸರಿಯಾಗಿ ಇಳಿಯುವುದಿಲ್ಲ. “ಹಿಂಗೇ ಅಲ್ವಾ ಎಳ್ಕಳದು?” ಅಂತ ಕೇಳಿದಳು. ನಾಲ್ಕು ವರ್ಷದ ದುಡ್ಡು, ನಾಲ್ಕು ವರ್ಷದ ರಾತ್ರಿಗಳು. ಒಬ್ಬರು ಐದು ನಿಮಿಷ ಕೂತು ಮಾಡಿಸಿದ್ದರೆ ಸಾಕಿತ್ತು.

ಅಸ್ತಮಾ ಅಂದರೆ ಉಸಿರಿನ ಕೊಳವೆಗಳ ಒಳಗೋಡೆ ಸದಾ ಊದಿಕೊಂಡಿರುವುದು. ಸಾಲ್ಬುಟಮಾಲ್ ಕೊಳವೆಯನ್ನು ಆ ಹೊತ್ತಿಗೆ ಅಗಲ ಮಾಡುತ್ತದೆ, ಊತ ಹಾಗೇ ಉಳಿಯುತ್ತದೆ. ಊತ ಇಳಿಸುವುದು ದಿನಾ ಎಳೆಯುವ ಸ್ಟೀರಾಯ್ಡ್ ಪಂಪ್. ಜನ ಹೆದರುವುದು ಇದಕ್ಕೇ. ಆದರೆ ಸ್ಟೀರಾಯ್ಡ್ ಮಾತ್ರೆಯನ್ನು ಅಳೆಯುವುದು ಮಿಲಿಗ್ರಾಂನಲ್ಲಿ, ಪಂಪನ್ನು ಮೈಕ್ರೊಗ್ರಾಂನಲ್ಲಿ. ಒಂದು ಮಿಲಿಗ್ರಾಂಗೆ 1000 ಮೈಕ್ರೊಗ್ರಾಂ. ಅದು ಚಟವೂ ಆಗುವುದಿಲ್ಲ. ಇಷ್ಟನ್ನು ನಮ್ಮ ದೊಡ್ಡಮ್ಮನಿಗೆ ಯಾರಾದರೂ ಹೇಳಿದ್ದರೆ ಅವರೇ ಊರಿಗೆಲ್ಲ ಹೇಳಿಬಿಡುತ್ತಿದ್ದರು. ಲೋಕದಲ್ಲಿ ಅಸ್ತಮಾ ಇರುವವರಲ್ಲಿ ಭಾರತದವರು ಸುಮಾರು 13%. ಅಸ್ತಮಾದಿಂದ ಸಾಯುವವರಲ್ಲಿ ನಮ್ಮ ಪಾಲು 40% ದಾಟುತ್ತದೆ ಅಂತ 2019ರ ಜಾಗತಿಕ ಅಂದಾಜು. ಈ ಎರಡು ಅಂಕಿಗಳ ನಡುವೆ ನನಗೆ ನಮ್ಮವ್ವ ಕಾಣುತ್ತಾಳೆ.

ಇಲ್ಲಿ ಎಲ್ಲವೂ ಸರಿಯಿದೆ ಅಂತಲ್ಲ. ಬ್ರಿಟನ್ನಿನಲ್ಲಿ ಅಸ್ತಮಾದಿಂದ ಸತ್ತ 195 ಜನರ ದಾಖಲೆ ನೋಡಿ 2014ರಲ್ಲಿ ಒಂದು ವರದಿ ಬಂತು. ಅವರಲ್ಲಿ ನನ್ನ ಮಗಳಿಗೆ ಕೊಟ್ಟಂಥ ಹಾಳೆ ಸಿಕ್ಕಿದ್ದದ್ದು 23% ಜನರಿಗೆ ಮಾತ್ರ.

ನಾನು ಮೊದಲು ಮಾಡಿದ ತಪ್ಪು ಏನೆಂದರೆ ಮಗಳ ಹಾಳೆಯನ್ನೇ ಕನ್ನಡಕ್ಕೆ ಇಳಿಸಿ ಅವ್ವನಿಗೆ ಕಳಿಸಿದೆ. ಅದರಲ್ಲಿ ಹೂವಿನ ಪರಾಗ, ಬೆಕ್ಕಿನ ಕೂದಲು, ತಂಡಿ ಗೋಡೆಯ ಬೂಷ್ಟು. ಅವ್ವನ ದಮ್ಮು ಏಳುವುದು ಆಲೆಮನೆ ಹೊಗೆಗೆ, ಕಬ್ಬಿನ ತರಗು ಸುಡುವ ದಿನ, ಭತ್ತದ ಒಕ್ಕಣೆ ಧೂಳಿಗೆ, ಸೊಳ್ಳೆಬತ್ತಿಗೆ, ಒಗ್ಗರಣೆ ಘಾಟಿಗೆ. ದೇವರ ಮನೆಯ ಊದುಬತ್ತಿ ಹೊಗೆಗೂ ಏಳುತ್ತದೆ, ಆದರೆ ಅದನ್ನು ಹೇಳಲು ಅವಳಿಗೆ ಮನಸ್ಸಿಲ್ಲ. ನಮ್ಮ ಹೊಗೆಯ ಹೆಸರೇ ಇಲ್ಲದ ಹಾಳೆಯನ್ನು ಅವ್ವ ಯಾಕೆ ಓದಬೇಕು?

ಮುಂದಿನ ರಜೆಯಲ್ಲಿ ಹೊಸದು ಬರೆದೆ. ಮೈಸೂರಿನ ಡಾಕ್ಟರ ಮುಂದೆ ಕೂತು, ಯಾವ ಪಂಪ್ ಯಾವಾಗ, ಎಷ್ಟು ಸಲ ಅಂತ ಅವರಿಂದಲೇ ತುಂಬಿಸಿಕೊಂಡೆ. ಅವರಿಗೂ ಖುಷಿಯಾಯಿತು. ದಪ್ಪ ಸ್ಕೆಚ್ ಪೆನ್ನಿನಲ್ಲಿ, ಅವ್ವನ ಮಾತಿನಲ್ಲೇ ಬರೆದೆ: ಉಸ್ರು ಹೊರಗೆ ಬುಡು. ಪಂಪು ಬಾಯಿಗಿಡು. ಜೋರಾಗಿ ಎಳಿ. ಉಸ್ರು ಬಿಗಿ ಹಿಡ್ಕಂಡು ಹತ್ತು ಎಣಿಸು. ಬಾಯಿ ಮುಕ್ಕಳಿಸು. ಕೆಳಗೆ ಕೆಂಪಿನಲ್ಲಿ, ಮಾತಾಡಕ್ಕೂ ಆಗದಿದ್ರೆ 108. ಗೋಡೆಯ ಕ್ಯಾಲೆಂಡರ್ ಪಕ್ಕ ಅಂಟಿಸಿದೆ.

ಇಂಥ ಹಾಳೆ ನಮ್ಮ ಮೆಡಿಕಲ್ ಸ್ಟೋರುಗಳಲ್ಲಿ, ಆಶಾ ಕಾರ್ಯಕರ್ತೆಯರ ಚೀಲದಲ್ಲಿ, ಶಾಲೆಯ ಗೋಡೆಯ ಮೇಲೆ ಯಾಕಿರಬಾರದು? ಲೆಸ್ಟರ್‌ನಲ್ಲಿ ಪಕ್ಕದ ಮನೆಯವರು ನಮ್ಮ ಮಗಳ ಉಸಿರು ಕೇಳಿಸಿಕೊಂಡು ಬಾಗಿಲು ತಟ್ಟುವುದಿಲ್ಲ. ನಮ್ಮೂರಲ್ಲಿ ತಟ್ಟುತ್ತಾರೆ. ಬಂದವರ ಬಾಯಲ್ಲಿ ಸರಿಯಾದ ಮಾತು ಇರಬೇಕು, ಅಷ್ಟೆ ಅಲ್ವಾ?

ಹೋದ ವಾರ ಅವ್ವ ಫೋನ್ ಮಾಡಿದ್ದಳು. ದೊಡ್ಡಮ್ಮನ ಮೊಮ್ಮಗನಿಗೂ ಉಬ್ಬಸವಂತೆ. “ನಿನ್ ಹಾಳೆ ಕೇಳ್ತಾವ್ರೆ, ಕೊಡ್ಲಾ?” ಅಂದಳು. ಮೊದಲು ಮಗುವನ್ನು ಡಾಕ್ಟರಿಗೆ ತೋರಿಸಲಿ, ಅವನ ಹಾಳೆ ಅವರೇ ಬರೆಯಬೇಕು ಅಂದೆ. ಸ್ಪೇಸರ್ ಬೇಕಾ ಅಂತ ಮರೆಯದೆ ಕೇಳಲು ಹೇಳು ಅಂದೆ. ಅವ್ವ ‘ಸ್ಪೇಸರು, ಸ್ಪೇಸರು’ ಅಂತ ಎರಡು ಸಲ ಹೇಳಿಕೊಂಡಳು, ಮರೆಯದಿರಲು.