ಕುದುರೆ ನೀರು ಕುಡಿಯಿತು, ಬ್ರೇಕ್ ನಂತರ ಮುಂದುವರಿಯಲಿದೆ

ಬಹುದೂರ ಸಾಗುವ ಕುದುರೆ ಸವಾರಿ ಪಂದ್ಯಗಳನ್ನು ಟಿವಿಯಲ್ಲಿ ತೋರಿಸಬೇಕು, ಮನೆಮನೆಗೆ ಮುಟ್ಟಿಸಬೇಕು ಅಂತ ಆಗಾಗ ಒಂದು ಹುರುಪು ಏಳುತ್ತದೆ. ಏಳಲಿ. ಆದರೆ ತೋರಿಸೋದು ಏನನ್ನು?

ಕ್ಯಾಲಿಫೋರ್ನಿಯಾದ ಟೆವಿಸ್ ಕಪ್ ನೋಡಿ. 1955ರಿಂದ ನಡೆಯುತ್ತಿದೆ. ಸಿಯೆರಾ ನೆವಾಡಾ ಬೆಟ್ಟ ದಾಟಿ ಆಬರ್ನ್ ಊರಿಗೆ 100 ಮೈಲಿ, ಗಡುವು 24 ಗಂಟೆ. ಹೊರಡೋದು ನಸುಕಿನಲ್ಲಿ, ಮುಟ್ಟೋದು ರಾತ್ರಿಯಲ್ಲಿ. ನಡುವೆ ಕಮರಿ ಮತ್ತು ಧೂಳು. ಗೆದ್ದವರಿಗೂ ದುಡ್ಡಿಲ್ಲ, ಆ ಕಪ್ ಮತ್ತು ಬೆಳ್ಳಿಯ ಬೆಲ್ಟ್ ಬಕಲ್ ಅಷ್ಟೇ. ಪ್ರಾಯೋಜಕರು ಇಷ್ಟು ಕೇಳಿಯೇ ಎದ್ದು ಹೋಗಿರುತ್ತಾರೆ.

ಅಸಲಿ ಕ್ಲೈಮ್ಯಾಕ್ಸ್ ಇರೋದು ಕುದುರೆ ಸುಮ್ನೆ ನಿಂತಾಗ! ದಾರಿಯ ತಪಾಸಣೆಗಳಲ್ಲಿ ಅದರ ನಾಡಿ ನಿಮಿಷಕ್ಕೆ ಅರವತ್ತರ ಆಸುಪಾಸಿಗೆ ಇಳಿಯಬೇಕು. ವೈದ್ಯರು ಒಸಡು ಒತ್ತಿ ಬಣ್ಣ ಎಷ್ಟು ಬೇಗ ಮರಳುತ್ತೆ ನೋಡುತ್ತಾರೆ. ಸ್ಟೆತಸ್ಕೋಪ್ ಇಟ್ಟು ಕರುಳಿನ ಗುಳುಗುಳು ಕೇಳುತ್ತಾರೆ. ಆಮೇಲೆ ನಾಲ್ಕು ಹೆಜ್ಜೆ ಓಡಿಸುತ್ತಾರೆ. ಕುಂಟಿದರೆ ಆಟ ಮುಗೀತು. ನಮ್ಮ ಚಾನೆಲ್‌ಗಳ ಕೈಗೆ ಕೊಟ್ಟರೆ ಕರುಳಿನ ಸದ್ದಿನ ಮೇಲೆ ರಾತ್ರಿ ಒಂಬತ್ತಕ್ಕೆ ಚರ್ಚೆ ಗ್ಯಾರಂಟಿ. ಇಬ್ಬರು ವಕ್ತಾರರು, ಒಬ್ಬ ಜ್ಯೋತಿಷಿ.

ನೋಡೋಕೆ ಸಲೀಸಾದ ಪಂದ್ಯವೂ ಇದೆ, ಎಮಿರೇಟ್ಸ್ ಮರುಭೂಮಿಯಲ್ಲಿ. ಮಟ್ಟಸ ಮರಳು, ಭರ್ಜರಿ ವೇಗ, ಪಕ್ಕದಲ್ಲೇ ಜೀಪುಗಳ ದಿಬ್ಬಣ. ಕುದುರೆಗಳ ಕಾಲೂ ಹಾಗೇ ಮುರಿಯತೊಡಗಿದವು. 2015ರಲ್ಲಿ ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ ಅಲ್ಲಿನ ಫೆಡರೇಶನ್ನನ್ನೇ ಅಮಾನತು ಮಾಡಬೇಕಾಯಿತು.

ಥ್ರಿಲ್ ಬೇಕೇ ಬೇಕಾ? ಹಾಗಾದರೆ 2018ರ ವಿಶ್ವ ಕುದುರೆ ಸವಾರಿ ಕೂಟ ನೋಡಿ. ಅಮೆರಿಕದ ಟ್ರಯಾನ್‌ನಲ್ಲಿ ಪಂದ್ಯ ಶುರುವಾಗುತ್ತಲೇ ಕೆಲವು ಸವಾರರನ್ನು ತಪ್ಪು ದಾರಿಗೆ ಕಳಿಸಿದರು. ನಿಲ್ಲಿಸಿ, 160 ಕಿಲೋಮೀಟರನ್ನು 120ಕ್ಕೆ ಇಳಿಸಿ ಮತ್ತೆ ಬಿಟ್ಟರು. ಕೊನೆಗೆ ಸೆಖೆ ತಡೆಯೋಕಾಗಲ್ಲ ಅಂತ ಅದನ್ನೂ ರದ್ದು ಮಾಡಿದರು. ಅಷ್ಟೆಲ್ಲ ಆಗಿ ಚಾಂಪಿಯನ್ ಯಾರೂ ಇಲ್ಲ! ಒಂದೇ ದಿನದಲ್ಲಿ ಮುಗಿದ ಈ ಕತೆಯನ್ನು ನಮ್ಮ ಸೀರಿಯಲ್‌ನವರು ಆರು ತಿಂಗಳು ಎಳೆಯುತ್ತಿದ್ದರು.

ಟೆವಿಸ್‌ನಲ್ಲಿ ಹ್ಯಾಗಿನ್ ಕಪ್ ಅಂತ ಇನ್ನೊಂದಿದೆ. ಮೊದಲು ಬಂದ ಹತ್ತು ಕುದುರೆಗಳನ್ನು ಮಾರನೆಯ ಬೆಳಗ್ಗೆ ಪರೀಕ್ಷಿಸಿ, ಎಲ್ಲಕ್ಕಿಂತ ಗಟ್ಟಿಯಾಗಿರೋದಕ್ಕೆ ಕೊಡುತ್ತಾರೆ. ಅದೇ ಪರೀಕ್ಷೆಯನ್ನು ಸವಾರರಿಗೂ ಮಾಡಿ ಲೈವ್ ಬಿಟ್ಟರೆ ನಾನೂ ಅಲಾರಂ ಇಟ್ಟು ನೋಡುತ್ತೇನೆ. 100 ಮೈಲಿ ಜೀನಿನ ಮೇಲೆ ಕೂತವರು ಕುಂಟದೆ ನಾಲ್ಕು ಹೆಜ್ಜೆ ಓಡಿ ತೋರಿಸಲಿ, ಅಲ್ವಾ?