ಪಾನಿಸ್ ಗೆದ್ದಿದ್ದು ಬರೀ ಲಕ್ಕಿನಿಂದ ಅಂತೆ!

ನಿನ್ನೆ ಊಟ ಮುಗಿಸಿ, ಅಕ್ಕನ ಮಗನನ್ನು ಪಕ್ಕ ಕೂರಿಸಿಕೊಂಡು 1996ರ ಮೊನಾಕೊ ಗ್ರ್ಯಾನ್ ಪ್ರಿ, ಅಂದರೆ ಫಾರ್ಮುಲಾ ಒನ್ ಕಾರ್ ರೇಸಿನ ಹೈಲೈಟ್ಸ್ ಹಾಕಿದೆ. ನನ್ನ ಈ ಹುಚ್ಚು ನಿಮಗೆಲ್ಲ ಗೊತ್ತಿದ್ದದ್ದೇ. ಕೊನೆಗೆ ಒಲಿವಿಯೇ ಪಾನಿಸ್ ಗೆದ್ದಾಗ ಯಥಾಪ್ರಕಾರ ನನ್ನ ಕಣ್ಣು ಒದ್ದೆ. ಹುಡುಗ ಆಕಳಿಸಿ, "ಅಯ್ಯೋ ಮಾವ, ಮುಂದಿದ್ದವರೆಲ್ಲ ಔಟಾದರು, ಇವನು ಗೆದ್ದ. ಬರೀ ಲಕ್ಕು" ಅಂದ.

ಲಕ್ಕಂತೆ!

ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಅದಕ್ಕೇ ಇಲ್ಲಿ ಕಾರಿಕೊಳ್ಳುತ್ತಿದ್ದೇನೆ, ಸಹಿಸಿಕೊಳ್ಳಿ.

ಮೊನಾಕೊದಲ್ಲಿ ರೇಸ್ ನಡೆಯೋದು ಊರಿನ ಬೀದಿಗಳಲ್ಲಿ. ಸುತ್ತು ಸುಮಾರು 3.3 ಕಿಲೋಮೀಟರ್, ಎರಡೂ ಕಡೆ ಕಬ್ಬಿಣದ ತಡೆ. ಅಲ್ಲಿ ಓವರ್‌ಟೇಕ್ ಮಾಡೋದು ಹಬ್ಬದ ಹಿಂದಿನ ದಿನ ಚಿಕ್ಕಪೇಟೆಯಲ್ಲಿ ಲಾರಿ ನುಗ್ಗಿಸಿದ ಹಾಗೆ. ಸಾಲದ್ದಕ್ಕೆ ಅವತ್ತು, ಮೇ 19ಕ್ಕೆ, ಮಳೆ ಬೇರೆ. ಪಾನಿಸ್ ಹೊರಟಿದ್ದು 14ನೇ ಜಾಗದಿಂದ. ಆ ಊರಲ್ಲಿ 14ನೇ ಜಾಗ ಸಿಕ್ಕಿದರೆ ಸುಮ್ನೆ ಮನೆಗೆ ಹೋಗಿ ಮಲಗಬಹುದು.

ಮೊದಲ ಸುತ್ತಿನಲ್ಲೇ ಐದು ಕಾರುಗಳ ಕಥೆ ಮುಗಿಯಿತು. ಪೋಲ್‌ನಲ್ಲಿದ್ದ, ಅಂದರೆ ಎಲ್ಲರಿಗಿಂತ ಮುಂದಿನ ಜಾಗದಿಂದ ಹೊರಟ ಮೈಕೆಲ್ ಶುಮಾಕರ್ ಕೂಡ ತಡೆಗೆ ಗುದ್ದಿದ. ಅದನ್ನು ಯಾರಾದರೂ "ಬ್ಯಾಡ್ ಲಕ್" ಅಂದರಾ? ಇಲ್ಲ. "ತಪ್ಪು ಮಾಡಿದ" ಅಂದರು. ಸರಿ. ಅದೇ ಮಳೆಯಲ್ಲಿ, ಅದೇ ಬೀದಿಯಲ್ಲಿ ಆ ತಪ್ಪು ಮಾಡದೆ ಎರಡು ಗಂಟೆ ಓಡಿಸಿದವನದ್ದು ಮಾತ್ರ ಲಕ್ಕು, ಅಲ್ವಾ?

ಹೋಗಲಿ, ಎಡ್ಡಿ ಅರ್ವೈನ್‌ನನ್ನು ದಾಟಿದ್ದನ್ನಾದರೂ ಕಣ್ಣುಬಿಟ್ಟು ನೋಡಿ. ಅರ್ವೈನ್‌ನ ಫೆರಾರಿ ಯಾರಿಗೂ ದಾರಿ ಕೊಡುತ್ತಿರಲಿಲ್ಲ. ನುಗ್ಗಲು ಹೋದ ಫ್ರೆಂಟ್ಸೆನ್ ತನ್ನ ಕಾರಿನ ಮೂತಿಯನ್ನೇ ಮುರಿದುಕೊಂಡಿದ್ದ. ಪಾನಿಸ್ ಎಲ್ಲಿ ನುಗ್ಗಿದ ಗೊತ್ತಾ? ಹೋಟೆಲ್ ಮುಂದಿನ ಹೇರ್‌ಪಿನ್ ತಿರುವಿನಲ್ಲಿ, ಬಂದ ದಿಕ್ಕಿಗೇ ವಾಪಸ್ ತಿರುಗಿಸೋ ಕಡೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಕಾರು ಹೆಚ್ಚೂಕಡಿಮೆ ನಡೆಯುವಷ್ಟು ನಿಧಾನ ಮಾಡಬೇಕಾದ ಜಾಗ ಅದು. ಒಳಗಡೆ ಒಂದು ಕಾರಿನಗಲ ಸಂದು ಕಂಡಿತು, ಮೂತಿ ತೂರಿಸಿದ, ಚಕ್ರಕ್ಕೆ ಚಕ್ರ ತಾಗಿತು, ಅರ್ವೈನ್ ಹೊರಗಿನ ತಡೆಗೆ ಒರಗಿ ನಿಂತ. ಇವನು ಹೋದ. ಸ್ವಲ್ಪ ರೌಡಿತನ ಇತ್ತು, ಒಪ್ಪುತ್ತೇನೆ. ಆದರೆ ಲಕ್ಕು ಎಲ್ಲಿತ್ತು?

ಮುಂದಿದ್ದ ಡೇಮನ್ ಹಿಲ್‌ನ ಎಂಜಿನ್ ಸುರಂಗದಲ್ಲಿ ಹೊಗೆಯಾಗದಿದ್ದರೆ, ಜಾನ್ ಅಲೆಸಿಯ ಸಸ್ಪೆನ್ಷನ್ ಕೈಕೊಡದಿದ್ದರೆ ಪಾನಿಸ್ ಗೆಲ್ಲುತ್ತಿದ್ದನಾ ಅಂತ ಕೇಳುತ್ತೀರಿ. ಇಲ್ಲಪ್ಪ, ಮೂರನೆಯವನಾಗುತ್ತಿದ್ದ. 14ರಿಂದ ಮೂರಕ್ಕೆ, ಮೊನಾಕೊದಲ್ಲಿ! ಅವರಿಬ್ಬರೂ ನಿಲ್ಲುವ ಮೊದಲೇ ಇವನು ಅಲ್ಲಿಗೆ ಬಂದಿದ್ದ. ಎಂಜಿನ್ ಕೂಡ ರೇಸಿನಲ್ಲೇ ಓಡಬೇಕು ತಾನೇ, ಗ್ಯಾರೇಜಿನಲ್ಲಿ ಅಲ್ಲವಲ್ಲ.

ಕೊನೆಯ ಹೊತ್ತಿಗೆ ಪಾನಿಸ್‌ನ ಲಿಗಿಯೆ ತಂಡದವರು ಪೆಟ್ರೋಲ್ ಸಾಲಲ್ಲ, ತುಂಬಿಸಿಕೊಳ್ಳೋಕೆ ಒಳಗೆ ಬಾ ಅಂತ ಕರೆದರು. ಬರಲಿಲ್ಲ. ಇದ್ದದ್ದನ್ನೇ ಉಳಿಸಿಕೊಂಡು ಓಡಿಸಿದ. ಎರಡು ಗಂಟೆಯ ಮಿತಿ ಮುಗಿದಿದ್ದಕ್ಕೆ 78 ಸುತ್ತಿನ ರೇಸ್ 75ಕ್ಕೇ ನಿಂತಿತು. ಹೊರಟ 21 ಕಾರುಗಳಲ್ಲಿ ಓಡುತ್ತಾ ಗೆರೆ ದಾಟಿದ್ದು ಮೂರೇ ಮೂರು. ಐದು ಸೆಕೆಂಡೂ ಇಲ್ಲ, ಬೆನ್ನಿಗೇ ಡೇವಿಡ್ ಕೂಲ್ಟಾರ್ಡ್. ಅವನ ಹೆಲ್ಮೆಟ್ ಗಾಜಿಗೆ ಮಂಜು ಕಟ್ಟುತ್ತಿತ್ತು ಅಂತ ಶುಮಾಕರ್‌ನದ್ದು ಸಾಲ ತಗೊಂಡು ಹಾಕಿಕೊಂಡಿದ್ದ. ಅಂದರೆ ಶುಮಾಕರ್ ಮೊದಲ ಸುತ್ತಿಗೇ ಹೋದ, ಅವನ ಹೆಲ್ಮೆಟ್ ಮಾತ್ರ ಎರಡನೇ ಸ್ಥಾನ ಪಡೆಯಿತು!

ಅಷ್ಟೊಂದು ಲಕ್ಕಿದ್ದವನಾದರೆ ಮುಂದಿನ ವರ್ಷವೇ ಕೆನಡಾದಲ್ಲಿ ಎರಡೂ ಕಾಲು ಯಾಕೆ ಮುರಿದುಕೊಂಡ? ಇನ್ನೊಂದು ಗೆಲುವು ಯಾಕೆ ಸಿಗಲಿಲ್ಲ? ಅವನಾದ ಮೇಲೆ ಮತ್ತೊಬ್ಬ ಫ್ರೆಂಚ್ ಡ್ರೈವರ್ ಗೆಲ್ಲೋಕೆ 2020 ಬರಬೇಕಾಯಿತು.

ಇಷ್ಟು ಉರಿ ಯಾಕೆ ಅಂದರೆ, ಹೇಳಿಬಿಡುತ್ತೇನೆ. ನನಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದ್ದು ಸಿಇಟಿ ಕ್ಯಾಶುವಲ್ ರೌಂಡಿನಲ್ಲಿ. ಯಾರೋ ಮೆಡಿಕಲ್‌ಗೆ ಹೋದರು, ಅವರು ಬಿಟ್ಟ ಸೀಟು ನನಗೆ ಬಂತು. ಅವತ್ತು ಬೆಳಗ್ಗೆ ಏಳಕ್ಕೇ ಹೋಗಿ ಕಂಬದ ಪಕ್ಕ ಕೂತಿದ್ದೆ. ಕೈಯಲ್ಲಿ ಡಿಡಿ, ಅದರ ಪ್ಲಾಸ್ಟಿಕ್ ಕವರ್ ಬೆವರಿಗೆ ಅಂಟುತ್ತಿತ್ತು. ಚಹಾ ಕುಡಿಯೋಕೂ ಎದ್ದಿರಲಿಲ್ಲ. ನನಗಿಂತ ಒಳ್ಳೆ ರ‍್ಯಾಂಕ್ ಇದ್ದ ಎಷ್ಟೋ ಜನ ಹೆಸರು ಕೂಗಿದಾಗ ಹಾಲ್‌ನಲ್ಲೇ ಇರಲಿಲ್ಲ. ನಾನಿದ್ದೆ.

ಅವತ್ತಿಂದ ಇವತ್ತಿನವರೆಗೆ ಮದುವೆ, ನಾಮಕರಣ, ತಿಥಿ ಎಲ್ಲೇ ಸಿಕ್ಕಲಿ, ಭಾವ ನನ್ನನ್ನು ಪರಿಚಯ ಮಾಡಿಸೋದು "ನಮ್ಮ ಲಕ್ಕಿ ಇಂಜಿನಿಯರು" ಅಂತಲೇ. ಹುಡುಗ ಆ ಮಾತು ಕಲಿತಿದ್ದು ಎಲ್ಲಿಂದ ಅಂತ ಈಗ ಗೊತ್ತಾಯಿತಲ್ಲ.

ಭಾವ, ನೀವು ಇದನ್ನು ಓದುತ್ತೀರ ಅಂತ ಗೊತ್ತು. ಲೈಕ್ ಏನೂ ಬೇಡ. ಮುಂದಿನ ಭಾನುವಾರ ಮತ್ತೆ ಬರುತ್ತಿದ್ದೇನೆ. ಈ ಸಲ ಹೈಲೈಟ್ಸ್ ಅಲ್ಲ, ಪೂರ್ತಿ ರೇಸ್. ಅಪ್ಪ ಮಗ ಇಬ್ಬರೂ ಕೂತು ನೋಡಬೇಕು. ಬೋಂಡ ಮಾಡೋಕೆ ಅಕ್ಕನಿಗೆ ಹೇಳಿದ್ದಾಯಿತು.